ಸಿದ್ದಕ್ಕನ ಕಿವಿಯ ಪ್ರದರ್ಶನ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ. ಸಿದ್ದಕ್ಕನ ಹೆಸರನ್ನು ಆ ಬೆಂಗಳೂರಿನವರಿಗೆ ಹೇಳಿದ್ದು ನಾನು. ತುರುವೇಕೆರೆ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ತಿಥಿ ಕಾರ್ಡು, ಪಹಣಿ ತಿದ್ದುಪಡಿಯ ಅರ್ಜಿ, ಮುಖಂಡರ ಹುಟ್ಟುಹಬ್ಬದ ಫ್ಲೆಕ್ಸು, ಯಾವುದಕ್ಕೂ ಇಲ್ಲ ಎನ್ನುವುದಿಲ್ಲ. ಬೋರ್ಡಿನ ಮೇಲೆ 'ಪುಷ್ಪಲತಾ ಗ್ರಾಫಿಕ್ಸ್' ಎಂದಿದೆ, ಆ ಪುಷ್ಪಲತಾ ನಾನೇ. ಬಾಯಿ ಸ್ವಲ್ಪ ಜೋರು ಅಂತ ಜನ ಹೇಳುತ್ತಾರೆ. ಜೋರೇ. ಏನೀಗ?

ಸಿದ್ದಕ್ಕ ನಮ್ಮ ಬೀದಿಯವಳು. ನಮ್ಮೂರು ಸಂಪಿಗೆ ಎಂಬ ಊರಿನಿಂದ ಎರಡು ಮೈಲಿ. ಆಧಾರ್ ಕಾರ್ಡಿನ ಪ್ರಕಾರ ಅವಳಿಗೆ ಅರವತ್ತೆರಡು. "ಬರ್ಕಂಡೋನು ನಿದ್ದೆಗಣ್ಣಲ್ಲಿ ಬರ್ಕಂಡವ್ನೆ" ಎಂಬುದು ಅವಳ ತಕರಾರು. ಕುಳ್ಳಗಿನ ಗಟ್ಟಿ ಹೆಂಗಸು, ಸದಾ ಎಲೆಅಡಿಕೆ, ಸೊಂಟಕ್ಕೆ ಬಿಗಿದು ಸಿಕ್ಕಿಸಿದ ಸೆರಗು. ಗಂಡ ಹೋಗಿ ಬಹಳ ವರ್ಷವಾಯಿತು, ಮಗಳು ಮಂಗಳಾಳನ್ನು ಕೆಂಕೆರೆಗೆ ಕೊಟ್ಟಿದ್ದಾಳೆ. ನಲವತ್ತು ವರ್ಷದಿಂದ ಅವಳದ್ದು ಒಂದೇ ಕಸುಬು: ಕಾಯಿಯ ಸದ್ದು ನೋಡುವುದು.

ಹೊರಗಿನವರಿಗೆ ಇದು ಅರ್ಥವಾಗುವುದಿಲ್ಲ, ಹೇಳುತ್ತೇನೆ ಕೇಳಿ. ನಮ್ಮ ಕಡೆ ಕೊಬ್ಬರಿಯನ್ನು ಬಿಸಿಲಿಗೆ ಹರವಿ ಒಣಗಿಸುವುದಿಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟುಬಿಡುತ್ತೇವೆ. ಒಳಗಿನ ನೀರು ತಾನೇ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನುವ ಉಂಡೆ ಕೊಬ್ಬರಿಯಾಗುತ್ತದೆ. ಆದರೆ ಎಲ್ಲ ಕಾಯಿಯೂ ಒಂದೇ ದಿನ ಆಗುವುದಿಲ್ಲವಲ್ಲ! ಅವಸರಪಟ್ಟು ಒಡೆದು, ಒಳಗೆ ಹಸಿಯಿದ್ದರೆ ಕೆಟ್ಟಿತು, ಮತ್ತೆ ಅಟ್ಟಕ್ಕೆ ಹಾಕಲು ಬರುವುದಿಲ್ಲ. ಅದಕ್ಕೇ ಅಟ್ಟ ಇಳಿಸುವ ಮುಂಚೆ ಸಿದ್ದಕ್ಕನನ್ನು ಕರೆಯುತ್ತಾರೆ. ಅವಳು ಏಣಿ ಹತ್ತಿ, ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಕಾಯಿಯನ್ನು ಬಲಗಿವಿಯ ಹತ್ತಿರ ಹಿಡಿದು ಮೂರು ಸಲ ಅಲ್ಲಾಡಿಸುತ್ತಾಳೆ. "ಬಂದೈತೆ" ಅಂದರೆ ಕೆಳಕ್ಕೆ. "ನೀರೈತೆ" ಅಂದರೆ ಇನ್ನಷ್ಟು ದಿನ ಅಲ್ಲೇ. "ಕೌಟು" ಅಂದರೆ ಒಳಗೆ ಕೆಟ್ಟು ನಾರುತ್ತಿದೆ, ತಿಪ್ಪೆಗೆ. ಕೆಟ್ಟದ್ದೂ ಒಳ್ಳೆಯದರ ಹಾಗೆಯೇ ಗಡಗಡ ಅನ್ನುವುದರಿಂದ ಅದನ್ನು ಹಿಡಿಯುವುದೇ ಕಷ್ಟ.

ಸಿದ್ದಕ್ಕ ಹೇಳಿದ ಮೇಲೆ ಯಾರೂ ಎರಡನೇ ಮಾತಾಡುವುದಿಲ್ಲ. ಮಲ್ಲೇಶನಂಥ ಮಲ್ಲೇಶ, ನಲವತ್ತು ಎಕರೆ ತೋಟದ ಧಣಿ, ಪಂಚಾಯಿತಿ ಮೆಂಬರನ್ನೇ ನಿಲ್ಲಿಸಿ ಮಾತಾಡಿಸುವ ಆಸಾಮಿ, ಅವನೂ ಏಣಿಯ ಕೆಳಗೆ ಕತ್ತೆತ್ತಿ ನಿಂತು "ಏನಂತು ಸಿದ್ದಕ್ಕ?" ಅಂತ ಕೇಳುತ್ತಾನೆ. ಕೂಲಿಗಿಂತ ಆ ಪ್ರಶ್ನೆಯೇ ಅವಳಿಗೆ ಹೆಚ್ಚು ಎಂದು ನನಗೆ ಚಿಕ್ಕಂದಿನಿಂದ ಗೊತ್ತು.

ಹೋದ ವರ್ಷ ನನ್ನ ಅಂಗಡಿಗೆ ಇಬ್ಬರು ಬಂದರು. ಒಬ್ಬಳು ಧನ್ಯಶ್ರೀ, ಮೂವತ್ತರ ಆಸುಪಾಸು, ಮೂಗಿನಲ್ಲಿ ದೊಡ್ಡ ನತ್ತು, ಮೈಮೇಲೆ ಗೋಣಿಚೀಲದ ಬಣ್ಣದ ಅಂಗಿ. ಇನ್ನೊಬ್ಬ ಮೋಹನ್ ಕುಮಾರ್, ಗಡ್ಡದವನು, ಕೊರಳಿಗೆ ವೈರು ಹಾಕಿಕೊಂಡು ಬಂದ ತಕ್ಷಣ ಪ್ಲಗ್ ಪಾಯಿಂಟ್ ಎಲ್ಲಿ ಅಂತ ಕೇಳಿದ. ಇಬ್ಬರೂ ಸೇರಿ 'ನಾದನಾರು ಲ್ಯಾಬ್' ಎಂಬುದನ್ನು ನಡೆಸುತ್ತಾರಂತೆ. ಕಲೆ, ಟೆಕ್ನಾಲಜಿ, ಶಬ್ದ ಮೂರನ್ನೂ ಬೆರೆಸುವ ಪ್ರಯೋಗ. ನೋಡುವವನು ಮುಟ್ಟಬೇಕು, ಮುಟ್ಟಿದರೆ ಅದು ಸದ್ದು ಮಾಡಬೇಕು, ಸದ್ದು ಮಾಡಿದರೆ ಗೋಡೆ ಬೆಳಗಬೇಕು. ಯಾಕೆ ಬೆಳಗಬೇಕು ಅಂತ ಕೇಳಿದೆ. ಧನ್ಯಶ್ರೀ ನನ್ನನ್ನು ಕನಿಕರದಿಂದ ನೋಡಿದಳು.

"ನಮ್ಮಜ್ಜಿ ಚಿಕ್ಕನಾಯಕನಹಳ್ಳಿಯವರು ಮೇಡಂ. ನನ್ನ ಬೇರು ಇಲ್ಲೇ ಇರೋದು" ಅಂದಳು. ಬೇರು ಇಲ್ಲಿರುವವರು ಎಳನೀರಿಗೆ ಸ್ಟ್ರಾ ಕೇಳುತ್ತಾರಾ? ಇರಲಿ, ನನಗ್ಯಾಕೆ, ಗಿರಾಕಿ ಗಿರಾಕಿಯೇ.

ಅವರ ಬರಹವನ್ನು ಕನ್ನಡಕ್ಕೆ ತಂದು ಫ್ಲೆಕ್ಸು ಮಾಡಿಕೊಡುವ ಕೆಲಸ ನನ್ನದಾಯಿತು. ಮೊದಲ ಸಾಲು: 'ತೆಂಗಿನಕಾಯಿ ಒಂದು ಪ್ರಶ್ನೆ, ಅಟ್ಟ ಒಂದು ಮೌನ, ಇವೆರಡರ ನಡುವಿನ ತೆರಪಿನಲ್ಲಿ ನಾವು ಕೇಳುಗರಾಗಿ ಉಳಿಯುತ್ತೇವೆ.' ಮೂರು ಸಲ ಓದಿದೆ. ನಾಲ್ಕನೇ ಸಲ ಓದುವಷ್ಟರಲ್ಲಿ ಕರೆಂಟ್ ಹೋಯಿತು, ದೇವರು ದೊಡ್ಡವನು ಅಂದುಕೊಂಡೆ. ಕೊನೆಗೆ ಧನ್ಯಶ್ರೀ, "ಇಲ್ಲಿ ಶಬ್ದದ ಜೊತೆ ಬದುಕೋರು ಯಾರಾದ್ರೂ ಇದ್ದಾರಾ? ಮೈಕ್‌ಸೆಟ್‌ನೋರು, ಓಲಗದೋರು ಬೇಡ. ಅದೆಲ್ಲ ಆಗೋಗಿದೆ" ಅಂದಳು. ನನ್ನ ಹಾಳು ಬಾಯಿ ಸುಮ್ಮನಿರಬೇಕಲ್ಲ! ಸಿದ್ದಕ್ಕನ ವಿಷಯ ಹೇಳಿಬಿಟ್ಟೆ. ಅವಳ ಹೆಸರು ನಾಲ್ಕು ಜನಕ್ಕೆ ಗೊತ್ತಾಗಲಿ ಎಂಬ ಆಸೆಯೂ ಇತ್ತು, ಸುಳ್ಳು ಹೇಳುವುದಿಲ್ಲ.

ಮಾರನೇ ದಿನವೇ ಅವರನ್ನು ಮಲ್ಲೇಶನ ತೋಟದ ಮನೆಗೆ ಕರೆದುಕೊಂಡು ಹೋದೆ. ಸಿದ್ದಕ್ಕ ಅಟ್ಟದ ಮೇಲಿದ್ದಳು. ಧನ್ಯಶ್ರೀ ಏಣಿ ಹತ್ತಿ, ಅವಳ ಬೆನ್ನ ಹಿಂದೆ ಕೂತು, ಶಬ್ದ ಎಂದರೆ ನಿಮಗೆ ಏನನ್ನಿಸುತ್ತದೆ ಅಂತ ಮೆಲ್ಲಗೆ ಕೇಳಿದಳು. ಸಿದ್ದಕ್ಕ ತಿರುಗಿಯೂ ನೋಡಲಿಲ್ಲ. ಕಾಯಿ ಅಲ್ಲಾಡಿಸಿ ಪಕ್ಕಕ್ಕಿಟ್ಟಳು. ಇವಳು ಮತ್ತೆ ಕೇಳಿದಳು, ಮತ್ತೆ ಉತ್ತರವಿಲ್ಲ. ಧನ್ಯಶ್ರೀಯ ಕಣ್ಣಲ್ಲಿ ನೀರು ಬಂತು. ಕೆಳಗಿಳಿದು, "ಅವರು ಪ್ರಶ್ನೆಯನ್ನೇ ನಿರಾಕರಿಸಿದರು. ಎಂಥಾ ಕೇಳುಗರು!" ಅಂತ ಪುಸ್ತಕದಲ್ಲಿ ಬರೆದುಕೊಂಡಳು. ಸಿದ್ದಕ್ಕನಿಗೆ ಇಷ್ಟು ಸೊಕ್ಕು ಯಾವಾಗಿನಿಂದ ಬಂತು ಅಂತ ನನಗೇ ಆಶ್ಚರ್ಯ.

ಮುಂದಿನ ವಾರ ಮೋಹನ್ ಕುಮಾರ್ ಅವಳನ್ನು ಮಲ್ಲೇಶನ ಜಗಲಿಯ ಮೇಲೆ ಕೂರಿಸಿ, ತಲೆಗೆ ದೊಡ್ಡ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟ. ಬೀಪ್ ಅಂದಾಗಲೆಲ್ಲ ಒತ್ತಬೇಕು. ಅವಳ ಕಿವಿಗೆ ಯಾವ ಸದ್ದು ಎಷ್ಟು ಕೇಳುತ್ತದೆ ಎಂಬ ಗೆರೆ ಕಂಪ್ಯೂಟರಿನಲ್ಲಿ ಮೂಡುತ್ತದೆ, ಅದೇ ಗೆರೆಯಿಂದ ಪ್ರದರ್ಶನದ ಗೋಡೆ ಬೆಳಗುತ್ತದೆ ಎಂಬುದು ಅವನ ಯೋಜನೆ. ಶುರುಮಾಡಿದ. ಸಿದ್ದಕ್ಕ ಒತ್ತಲಿಲ್ಲ. ಸದ್ದು ಏರಿಸಿದ, ಒತ್ತಲಿಲ್ಲ. ಎರಡು ಮಾರು ದೂರ ನಿಂತ ನನಗೇ ಆ ಹೆಡ್‌ಫೋನಿನ ಕುಂಯ್ ಕುಂಯ್ ಕೇಳುತ್ತಿತ್ತು.

"ಮೇಡಂ, ಅವರಿಗೆ ಅರ್ಥ ಆಗಿಲ್ಲ ಅನ್ಸುತ್ತೆ, ಇನ್ನೊಂದ್ಸಲ ಹೇಳಿ" ಅಂದ. ನಾನು ಅವಳ ಎದುರು ಹೋಗಿ ಕೂತೆ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಆಮೇಲೆ ಕಣ್ಣು ನೋಡಿದಳು. ಅವಳ ಕಣ್ಣಲ್ಲಿ ಅಂಥ ಭಯ ನಾನು ಯಾವತ್ತೂ ಕಂಡಿರಲಿಲ್ಲ. ನಾನು ಏನೋ ಹೇಳಿದಂತೆ ಬಾಯಾಡಿಸಿ ಎದ್ದೆ. ಅವಳು ತನಗೆ ತೋಚಿದ ಹಾಗೆ ಗುಂಡಿ ಒತ್ತತೊಡಗಿದಳು.

ಮೋಹನ್ ಕುಮಾರ್ ಪರದೆ ನೋಡಿ ಎದ್ದು ನಿಂತುಬಿಟ್ಟ. "ಧನ್ಯಾ, ಬಂದು ನೋಡು! ಪ್ರಪಂಚದಲ್ಲಿ ಎಲ್ಲೂ ಇಲ್ಲದ ಕಿವಿ ಇದು. ನಮಗೆ ಕೇಳೋದು ಅವರಿಗೆ ಕೇಳಲ್ಲ, ನಾಯಿಗೂ ಕೇಳದೇ ಇರೋದು ಅವರಿಗೆ ಕೇಳ್ತಿದೆ!" ಧನ್ಯಶ್ರೀ ಸಿದ್ದಕ್ಕನ ಎರಡೂ ಕೈ ಹಿಡಿದುಕೊಂಡಳು. ಗೋಡೆಗೆ 'ಸಿದ್ದಕ್ಕನ ಕಿವಿ' ಎಂದು ಹೆಸರಿಡುವುದೆಂದು ಅಲ್ಲೇ ತೀರ್ಮಾನವಾಯಿತು. ಒಂದು ಫ್ಲೆಕ್ಸು ಹೆಚ್ಚಾಯಿತು ಅಂತ ನಾನು ಖುಷಿಪಡಬೇಕಿತ್ತು, ಅಳತೆ ಕೇಳುವುದನ್ನೇ ಮರೆತೆ.

ಸಂಜೆ ಅವಳ ಮನೆಗೆ ಹೋದೆ. ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳು. ಎದುರಿಗೆ ಕೂತು, ಬಾಯಿ ಅಗಲಿಸಿ, "ಎಷ್ಟು ದಿನದಿಂದ?" ಅಂದೆ.

"ಎಲ್ಡು ವರ್ಸ ಆತು ಕಣೇ. ಒಂದ್ಸಲ ಜ್ವರ ಬಂದು ಮಲಗಿದ್ನಲ್ಲ, ಎದ್ದಾಗ ಎಡಗಿವಿ ಇರ್ಲಿಲ್ಲ. ಆಮೇಲಾಮೇಲೆ ಬಲಗಿವಿನೂ ಹೋಯ್ತು."

"ಮತ್ತೆ ಕಾಯಿ ಹೆಂಗೆ ನೋಡ್ತೀಯಾ?"

ಅವಳು ಕೋಲು ಬಿಟ್ಟು ಅಂಗೈ ಚಾಚಿದಳು. "ಕೈಗೆ ಗೊತ್ತಾಗ್ತದೆ. ನೀರಿದ್ರೆ ಅಲ್ಲಾಡ್ಸಿ ನಿಲ್ಸಿದ್ ಮ್ಯಾಕೂ ತಳ್ತದೆ. ಕೊಬ್ರಿ ಆಗಿದ್ರೆ ಬಂದು ಟಕ್ ಅಂತ ಕೂರ್ತದೆ. ಕೌಟಾಗಿದ್ರೆ ಕುಂತಂಗೆ ಕುಂತು ಜಾರ್ತದೆ. ಮೊದ್ಲೂ ನಾನು ಕೈಯಾಗೇ ನೋಡ್ತಿದ್ನೇನೋ, ಯಾರಿಗ್ ಗೊತ್ತು. ಕಿವಿ ಹತ್ರ ತಗಂಡೋಗೋದು ನೋಡೋ ಜನಕ್ಕೆ."

ಎರಡು ವರ್ಷದಲ್ಲಿ ಒಂದು ಕಾಯಿಯೂ ತಪ್ಪಿರಲಿಲ್ಲ. ನನಗೆ ನಗು ಬಂತು, ಅವಳು ನಗಲಿಲ್ಲ. "ಮಲ್ಲೇಶಂಗೆ ಗೊತ್ತಾದ್ರೆ ಮುಗೀತು. ಕಿವುಡಿ ಕೈಲಿ ಸದ್ದು ನೋಡುಸ್ತಾನೆ ಅಂತ ಊರೆಲ್ಲ ನಗ್ತದೆ, ಯಾರ್ ಕರೀತಾರೆ? ಅಟ್ಟ ಹತ್ತದೆ ಇದ್ರೆ ನಾನು ಯಾರೇ ಪುಷ್ಪಾ? ಬಾಯಿ ಬುಡಬ್ಯಾಡ. ನಿನ್ನ ದಮ್ಮಯ್ಯ ಅಂತೀನಿ." ಅವಳು ಯಾರಿಗೂ ದಮ್ಮಯ್ಯ ಅಂದದ್ದನ್ನು ನಾನು ಕೇಳಿರಲಿಲ್ಲ. ಮಾತು ಕೊಟ್ಟೆ.

ಮಾತು ಕೊಡುವುದು ಸುಲಭ. ಪ್ರದರ್ಶನ ಮಲ್ಲೇಶನ ಹಳೇ ಗೋಡೌನಿನಲ್ಲಿ ಎಂದು ಗೊತ್ತಾಯಿತು, ಅವನೇ ಮುಖ್ಯ ಅತಿಥಿ. ಉದ್ಘಾಟನೆಯ ದಿನ ಸಿದ್ದಕ್ಕನದು ಒಂದು ಕಾರ್ಯಕ್ರಮ: ಅವಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಸ್ಟೂಲಿನ ಮೇಲೆ ಕೂರಬೇಕು, ಮೊದಲೇ ರೆಕಾರ್ಡು ಮಾಡಿದ ಇಪ್ಪತ್ತು ಕಾಯಿಯ ಸದ್ದುಗಳು ಸ್ಪೀಕರಿನಲ್ಲಿ ಬರುತ್ತವೆ, ಕೇಳಿ ಯಾವುದು ಹೇಗಿದೆ ಅಂತ ಹೇಳಬೇಕು. ಕೈಯಲ್ಲಿ ಕಾಯಿ ಇರುವುದಿಲ್ಲ! ನಾನು ಧನ್ಯಶ್ರೀಯ ಹತ್ತಿರ ಓಡಿದೆ. ಕೈಗೆ ಕಾಯಿ ಕೊಡಿ, ಪಾಪ ವಯಸ್ಸಾದವಳು, ಅಭ್ಯಾಸಬಲ ಅಂತ ಏನೇನೋ ಹೇಳಿದೆ.

"ಕೈಗೆ ಕೊಟ್ಟರೆ ಅದು ಕರಕುಶಲ ಆಗುತ್ತೆ ಮೇಡಂ. ನಮಗೆ ಅನುದಾನ ಬಂದಿರೋದು ಶಬ್ದದ ವಿಭಾಗದಲ್ಲಿ" ಅಂದಳು.

ಸಿದ್ದಕ್ಕ ಬೇಡ ಅನ್ನುವ ಹಾಗೂ ಇರಲಿಲ್ಲ. ಮಲ್ಲೇಶ ಆಗಲೇ ಊರೆಲ್ಲ "ನಮ್ ಸಿದ್ದಕ್ಕನ ಮುಂದೆ ಬೆಂಗ್ಳೂರ್ ಮಿಷನ್ನು ಏನಾಗ್ತದೆ ನೋಡ್ರಲಾ" ಅಂತ ಸಾರಿಬಿಟ್ಟಿದ್ದ. ಹಿಂದೆ ಸರಿದರೆ ಅಲ್ಲೇ ಅನುಮಾನ. ಆಗ ನನಗೊಂದು ಉಪಾಯ ಹೊಳೆಯಿತು. ಆ ಇಪ್ಪತ್ತು ಸದ್ದುಗಳ ಪಟ್ಟಿಯನ್ನು ಟೈಪು ಮಾಡಿದ್ದೇ ನಾನು. ಅವಳ ಬೆನ್ನ ಹಿಂದೆ ನಿಂತು ತಟ್ಟುವುದು: ಒಂದು ಸಲಕ್ಕೆ ಬಂದೈತೆ, ಎರಡು ಸಲಕ್ಕೆ ನೀರು, ಮೂರು ಸಲಕ್ಕೆ ಕೌಟು. ಸಿದ್ದಕ್ಕನಿಗೆ ಹೇಳಿದಾಗ ಎಲೆಗೆ ಸುಣ್ಣ ಹಚ್ಚತೊಡಗಿದಳು. "ಜೀವಮಾನದಾಗೆ ಸುಳ್ಳೇಳಿಲ್ಲ ಕಣೇ ಕಾಯಿ ವಿಸ್ಯದಲ್ಲಿ" ಅಂದಳು. ಆಮೇಲೆ ಹೂಂ ಅಂದಳು.

ಆ ದಿನ ಬಂತು. ಗೋಡೌನಿನ ನಡುವೆ ನೂರೆಂಟು ಸುಲಿದ ಕಾಯಿಗಳನ್ನು ನಾರಿನ ಹಗ್ಗದಲ್ಲಿ ಸುರುಳಿಯಾಗಿ ನೇತುಹಾಕಿದ್ದರು. ಒಳಗೆಲ್ಲ ಸೆನ್ಸರು, ಬ್ಯಾಟರಿ. ಮುಟ್ಟಿದರೆ ಮೂಲೆಯ ಸ್ಪೀಕರಿನಿಂದ ಗುಂಯ್ ಎಂಬ ನಾದ. ಬೆಂಗಳೂರಿನಿಂದ ಬಂದ ಹತ್ತು ಹದಿನೈದು ಜನ ಒಂದು ಬೆರಳಲ್ಲಿ ಮುಟ್ಟಿ, ಕಣ್ಣು ಮುಚ್ಚಿ, ಉಸಿರೆಳೆದುಕೊಂಡು ನಿಂತಿದ್ದರು. ಅಷ್ಟರಲ್ಲಿ ನಮ್ಮವರು ಬಂದರು.

ನಮ್ಮ ಕಡೆಯವರ ಕೈಗೆ ಕಾಯಿ ಸಿಕ್ಕರೆ ಏನಾಗುತ್ತದೆಂದು ಆ ಲ್ಯಾಬಿನವರಿಗೆ ಯಾರೂ ಹೇಳಿರಲಿಲ್ಲ. ಮಲ್ಲೇಶನ ತೋಟದಲ್ಲಿ ಕಾಯಿ ಸುಲಿಯುವ ಮಾಯಣ್ಣ ಮೊದಲನೆಯದನ್ನು ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿದ. ಮುಖ ಸಿಂಡರಿಸಿದ. "ಕೆಟ್ಟೋಗದೆ ಕಣ್ಲಾ" ಅಂತ ಹಗ್ಗ ಬಿಚ್ಚಿ ಮೂಲೆಗಿಟ್ಟ. ಎರಡನೆಯದು, ಅದೂ ಮೂಲೆಗೆ. ಉಳಿದವರೂ ಕೈಹಾಕಿದರು. ಒಬ್ಬ ಬಿಚ್ಚುತ್ತಾನೆ, ಒಬ್ಬ ಅಲ್ಲಾಡಿಸುತ್ತಾನೆ, ಇನ್ನೊಬ್ಬ ರಾಶಿ ಹಾಕುತ್ತಾನೆ. ಪಾಪ, ಯಾರಿಗೂ ಕೆಟ್ಟ ಬುದ್ಧಿಯಿರಲಿಲ್ಲ, ಸಹಾಯ ಮಾಡುತ್ತಿದ್ದರು. ಕಾಲು ಗಂಟೆಯಲ್ಲಿ ಸುರುಳಿಯ ಅರ್ಧ ನೆಲಕ್ಕಿಳಿದು ರಾಶಿಯಾಗಿತ್ತು, ಅಷ್ಟೂ ಕಾಯಿಗಳ ನಾದ ಸ್ಪೀಕರಿನಲ್ಲಿ ಒಟ್ಟಿಗೆ ಊಳಿಡುತ್ತಿತ್ತು. "ಈಯಮ್ಮಂಗೆ ಯಾರೋ ಮೋಸ ಮಾಡವ್ರೆ. ಒಂದ್ರಾಗೂ ಕೊಬ್ರಿ ಇಲ್ಲ" ಅಂತ ಮಾಯಣ್ಣ ಮರುಗಿದ. ಬೆಂಗಳೂರಿನವರು ಇದೂ ಕಲಾಕೃತಿಯ ಭಾಗವೆಂದು ತಿಳಿದು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತಿದ್ದರು. ಧನ್ಯಶ್ರೀ ಬೆವರು ಒರೆಸಿಕೊಂಡು, "ಸಮುದಾಯದ ಭಾಗವಹಿಸುವಿಕೆ" ಅಂತ ಮೈಕಿನಲ್ಲಿ ಘೋಷಿಸಿದಳು.

ಆಮೇಲೆ ಸಿದ್ದಕ್ಕನ ಸರದಿ. ಹಸಿರು ಇಳಕಲ್ ಸೀರೆ ಉಟ್ಟು, ಹೂ ಮುಡಿದು, ಸ್ಟೂಲಿನ ಮೇಲೆ ಕೂತಳು. ಕಣ್ಣಿಗೆ ಬಟ್ಟೆ ಕಟ್ಟಿದರು. ಇದ್ದ ಕಣ್ಣುಗಳನ್ನೂ ಕಟ್ಟಿದ ಮೇಲೆ ಅವಳಿಗೆ ಉಳಿದದ್ದು ಬೆನ್ನ ಮೇಲಿನ ನನ್ನ ಕೈ ಮಾತ್ರ. ತೋಟದವರೆಲ್ಲ ಕುರ್ಚಿ ಎಳೆದುಕೊಂಡು ಕೂತರು, ಮಲ್ಲೇಶ ಮೊದಲ ಸಾಲಿನಲ್ಲಿ. ಪರದೆಯ ಮೇಲೆ ಒಂದು ಅಂತ ಬಿತ್ತು, ಸ್ಪೀಕರಿನಲ್ಲಿ ಗಡಗಡ ಅಂತು. ನಾನು ಪಟ್ಟಿ ನೋಡಿ ಒಂದು ಸಲ ತಟ್ಟಿದೆ.

"ಬಂದೈತೆ" ಅಂದಳು ಸಿದ್ದಕ್ಕ. ಜನ ತಲೆದೂಗಿದರು. ಎರಡನೆಯದಕ್ಕೂ ಸರಿಹೋಯಿತು. ಚಪ್ಪಾಳೆ ಬಿತ್ತು, ನನಗೆ ಧೈರ್ಯ ಬಂತು. ಮೂರು ಅಂತ ಬಿದ್ದ ಕೂಡಲೇ ಸದ್ದಿಗೂ ಕಾಯದೆ ಒಂದು ಸಲ ತಟ್ಟಿಬಿಟ್ಟೆ. ಆಮೇಲೆ ಸ್ಪೀಕರಿನಲ್ಲಿ ಬಂದದ್ದು ಏನು ಗೊತ್ತೇ? ಗುಳುಗುಳು ಗುಳುಗುಳು. ಅಂಗನವಾಡಿ ಮಗುವೂ ಹೇಳುತ್ತದೆ, ಅದು ನೀರು.

"ಬಂದೈತೆ" ಅಂದಳು ಸಿದ್ದಕ್ಕ, ಗಟ್ಟಿ ದನಿಯಲ್ಲಿ.

ನಮ್ಮವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಕೆಮ್ಮಿದರು. ನಾನು ಮೋಹನ್ ಕುಮಾರನ ಕಡೆ ನೋಡಿದೆ. "ಸೀಕ್ವೆನ್ಸ್ ಈಗ ಕಂಪ್ಯೂಟರೇ ಕಲಸುತ್ತೆ ಮೇಡಂ, ಬೆಳಿಗ್ಗೆ ಚೇಂಜ್ ಮಾಡ್ದೆ, ಅದೇ ಇದರ ಬ್ಯೂಟಿ!" ಅಂತ ಪಿಸುಗುಟ್ಟಿದ. ನಿನ್ನ ಬ್ಯೂಟಿಗಿಷ್ಟು ಬೆಂಕಿ ಹಾಕ! ಇಡೀ ಸಭೆಯಲ್ಲಿ ಉತ್ತರ ತಪ್ಪೆಂದು ಗೊತ್ತಿಲ್ಲದವರು ಆ ಬೆಂಗಳೂರಿನವರೇ. ಅವರು ಚಪ್ಪಾಳೆ ತಟ್ಟುತ್ತಿದ್ದರು.

ನನ್ನ ಕೈ ನಡುಗುತ್ತಿತ್ತು. ಆ ನಡುಕ ಅವಳ ಬೆನ್ನಿಗೆ ತಿಳಿಯಿತು. ಸಿದ್ದಕ್ಕ ಕಣ್ಣಿನ ಬಟ್ಟೆಯನ್ನು ತಾನೇ ಎಳೆದು ಹಾಕಿದಳು. ಎದುರಿಗೆ ಕೂತ ಮುಖಗಳನ್ನು ಒಂದೊಂದಾಗಿ ನೋಡಿದಳು. ಎದ್ದು ನಿಂತಳು.

"ನಂಗೆ ಕಿವಿ ಕೇಳಲ್ಲ. ಎಲ್ಡು ವರ್ಸ ಆಗದೆ. ಇವಳು ಬೆನ್ ತಟ್ಟಿದ್ಳು, ನಾನು ಹೇಳ್ದೆ. ಹಂಗೆ ಸುಳ್ಳೇಳಿದ್ದು ಇವತ್ತೇ. ಅಟ್ಟದ ಮ್ಯಾಲೆ ಹೇಳಿದ್ದೆಲ್ಲ ದಿಟ. ಕಾಯಿ ಕೈಗ್ ಕೊಟ್ರೆ ಈಗ್ಲೂ ಹೇಳ್ತೀನಿ." ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

ಮಲ್ಲೇಶ ಎದ್ದ. ಅವಳಿಗೆ ಬಾಯಿ ಕಾಣುವಷ್ಟು ಹತ್ತಿರ ಬಂದು ನಿಂತ. "ಗೊತ್ತು ಕಣಕ್ಕ" ಅಂದ. "ನಮ್ಮೋಳು ಊಟಕ್ಕೆ ಕರೀಬೇಕಾದ್ರೆ ಎಲ್ಡು ವರ್ಸದಿಂದ ಏಣಿ ಅಲ್ಲಾಡ್ಸ್ತಾವ್ಳೆ. ಕೂಗಿದ್ರೆ ನೀನ್ ಎಲ್ ತಿರುಗ್ತಿದ್ದೆ? ಎಲ್ರಿಗೂ ಗೊತ್ತು. ಮಾಲು ತಪ್ಪಿಲ್ಲ, ನಮಗ್ಯಾಕೆ ಬುಡು ಅಂತ ಸುಮ್ನಿದ್ವಿ. ಇವ್ರೂ ಕಾಯಿ ಕೈಗೇ ಕೊಡ್ತಾರೆ ಅನ್ಕಂಡಿದ್ದೆ."

ಕುರ್ಚಿಯ ಮೇಲಿದ್ದವರೆಲ್ಲ ತಲೆ ಆಡಿಸಿದರು. ನನ್ನ ಕಣ್ಣು ತುಂಬಿತು. ಸಿದ್ದಕ್ಕನ ಕಣ್ಣೂ ತುಂಬುತ್ತದೆ ಅಂದುಕೊಂಡೆ. ಎಲ್ಲಿ! ಅವಳ ಮುಖ ಕೆಂಪಾಯಿತು.

"ಗೊತ್ತಿತ್ತಾ? ಗೊತ್ತಿದ್ದೂ ಬಾಯಿ ಮುಚ್ಕಂಡಿದ್ರಾ? ದಿನಕ್ಕೆ ಎಲ್ಡು ಸಾವ್ರ ಕಾಯಿ ಕಣ್ರೋ! ಒಂದೊಂದನ್ನೂ ಕಿವಿಗಂಟ ಎತ್ತಿ ಎತ್ತಿ ನನ್ನ ತೋಳು ಬಿದ್ದೋಗೈತೆ! ಊರಿಗ್ ಬಂದಾಗೆಲ್ಲ ಎಣ್ಣೆ ತಿಕ್ಕಿ ತಿಕ್ಕಿ ಮಂಗಳಾ ಸೋತೋದ್ಳು! 'ಎತ್ತಬ್ಯಾಡ ಸಿದ್ದಕ್ಕ' ಅನ್ನಾಕೆ ನಿಮ್ಮ ಬಾಯಾಗೆ ಏನ್ ತುಂಬ್ಕಂಡಿತ್ತಲಾ?" ಒಬ್ಬೊಬ್ಬರನ್ನೂ ಹೆಸರು ಹಿಡಿದು ಬೈದಳು. ಎಲ್ಲರೂ ತಲೆ ತಗ್ಗಿಸಿ ಬೈಸಿಕೊಂಡರು. ಕೊನೆಗೆ ನನ್ನ ಕಡೆ ತಿರುಗಿದಳು. ನನಗೆ ಮಾತ್ರ ಬೈಯಲಿಲ್ಲ. ಮುಖ ತಿರುಗಿಸಿಕೊಂಡು ಹೊರಟುಹೋದಳು.

ಮಲ್ಲೇಶ ಬಾಗಿಲವರೆಗೂ ಹಿಂದೆ ಹೋದ. ಅವನು ಕೈ ಮುಗಿಯುವ ಹಾಗೆ ನಿಂತು ಹೇಳಿದ್ದು ನನಗೂ ಕೇಳಿಸಿತು: "ನಮ್ ನಮ್ಮಲ್ಲಿ ಸರಿ ಕಣಕ್ಕ. ಆದ್ರೆ ವ್ಯಾಪಾರಸ್ಥರು ಬಂದಾಗ ಒಸಿ ಕಿವಿ ಹತ್ರ ಹಿಡಿ. ಇಲ್ದಿದ್ರೆ ಮಾಲು ಎತ್ತಲ್ಲ ಅವ್ರು." ಅವಳು ಅವನನ್ನು ಮೇಲಿಂದ ಕೆಳಕ್ಕೆ ನೋಡಿದಳು. "ಇನ್ ಕಿವಿಗಂಟ ಎತ್ತಲ್ಲ. ಬೇಕಾದ್ರೆ ಕರೆ, ಬ್ಯಾಡಾದ್ರೆ ಬುಡು" ಅಂದು ನಡೆದಳು.

ಲ್ಯಾಬಿನವರು ಮಾರನೇ ದಿನ ವೈರು ಸುತ್ತಿಕೊಂಡು ಹೋದರು. ಹೋಗುವ ಮುಂಚೆ ಧನ್ಯಶ್ರೀ ಹೊಸ ಬರಹ ಕೊಟ್ಟಳು, 'ಸೋಲು ಒಂದು ವಿಧಾನ' ಅಂತ ಶುರುವಾಗುತ್ತಿತ್ತು. ಆ ಗೋಡೆ ಈಗ ಬೇರೆ ಯಾವುದೋ ಊರಿನಲ್ಲಿ 'ಕೇಳದ ಕಿವಿ' ಎಂಬ ಹೆಸರಿನಲ್ಲಿ ಬೆಳಗುತ್ತಿದೆಯಂತೆ. ಸಿದ್ದಕ್ಕನಿಗೆ ಒಂದು ಪ್ರಮಾಣಪತ್ರ ಬಂದಿದೆ, ಅದರಲ್ಲಿ ಅವಳ ಹೆಸರು ಸಿದ್ದಮ್ಮ.

ಹದಿನೈದು ದಿನ ಯಾರೂ ಅವಳನ್ನು ಕರೆಯಲಿಲ್ಲ. ಮಲ್ಲೇಶ ಕರೆಯದಿದ್ದರೆ ಉಳಿದವರು ಕರೆಯುವ ಧೈರ್ಯ ಎಲ್ಲಿ ಮಾಡುತ್ತಾರೆ? ಅವಳು ಬಾಗಿಲಲ್ಲಿ ಕೂತು ರಾಗಿ ಕೇರುತ್ತಿದ್ದಳು. ನಾನು ದಿನಾ ಹೋಗುತ್ತಿದ್ದೆ. ಬಾಯಿ ನೋಡಿ ಮಾತು ತಿಳಿದುಕೊಳ್ಳುವವಳು ಮುಖವನ್ನೇ ಎತ್ತದಿದ್ದರೆ ಕ್ಷಮಿಸು ಅಂತ ಹೇಳುವುದು ಹೇಗೆ? ಅವಳೆದುರು ಕೂತು ಸುಮ್ಮನೆ ಅತ್ತು ಬರುತ್ತಿದ್ದೆ. ಜೀವಮಾನದಲ್ಲಿ ನಾನು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂತದ್ದೇ ಇಲ್ಲ.

ಅಷ್ಟರಲ್ಲಿ ಮಲ್ಲೇಶ ತಾನೇ ಅಟ್ಟ ಹತ್ತಿ ಕಿವಿಗೆ ಹಿಡಿದು ಐವತ್ತು ಕಾಯಿ ಇಳಿಸಿದನಂತೆ. ಒಡೆದರೆ ಅರ್ಧಕ್ಕರ್ಧ ಹಸಿ. ಹದಿನಾರನೇ ದಿನ ಮಾಯಣ್ಣ ಬಂದು ಅವಳನ್ನು ಕರೆದುಕೊಂಡು ಹೋದ. ನಾನೂ ಅಂಗಡಿ ಮುಚ್ಚಿ ಹಿಂದೆಯೇ ಹೋದೆ.

ಹೋಗುವಷ್ಟರಲ್ಲಿ ಅಂಗಳದಲ್ಲಿ ಭೀಮರಾಜು ಕೂತಿದ್ದ. ತಿಪಟೂರಿನಲ್ಲಿ ಹೊಸದಾಗಿ ಕೊಬ್ಬರಿ ವ್ಯಾಪಾರಕ್ಕಿಳಿದವನು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಎರಡು ಮೊಬೈಲು. ಸಿದ್ದಕ್ಕ ಅಟ್ಟದ ಅಂಚಿನಲ್ಲಿ ಕೂತು ಕಾಯಿ ತೆಗೆದುಕೊಂಡಳು. ಕೈ ಮಡಿಲಿನ ಹತ್ತಿರವೇ ಇತ್ತು. ಮೂರು ಸಲ ಅಲ್ಲಾಡಿಸಿದಳು. "ಬಂದೈತೆ."

ಭೀಮರಾಜು ಎದ್ದು ನಿಂತ. "ಏನ್ ಮಲ್ಲೇಶಣ್ಣ ಇದು, ಕಿವಿಗೇ ಹಿಡೀಲಿಲ್ಲ? ಈಯಮ್ಮಂಗೆ ಕಿವಿ ಕೇಳಲ್ಲ ಅಂತ ತಿಪಟೂರಲ್ಲೆಲ್ಲ ಸುದ್ದಿ. ಕಿವುಡಿ ಆರಿಸಿದ್ ಮಾಲು ನಾನ್ ಎತ್ತಲ್ಲ."

ಮಲ್ಲೇಶ ಅಟ್ಟದ ಕಡೆ ಕತ್ತೆತ್ತಿ, ತನ್ನ ಕಿವಿ ಮುಟ್ಟಿ ತೋರಿಸಿದ. ಹಿಡಿ, ಒಂದು ಸಲ ಹಿಡಿ, ಅಂತ ಕಣ್ಣಲ್ಲೇ ಅಂಗಲಾಚಿದ. ಸಿದ್ದಕ್ಕ ನೋಡಿದಳು. ಭೀಮರಾಜುವಿನ ಬಾಯನ್ನೂ ನೋಡಿದ್ದಳು. ರಾಶಿಯಲ್ಲಿ ಕೈಯಾಡಿಸಿ, ಒಂದೆರಡನ್ನು ಅಲ್ಲಾಡಿಸಿ ಬಿಟ್ಟು, ಒಂದನ್ನು ಆರಿಸಿಕೊಂಡು ಏಣಿ ಇಳಿದಳು. ಸೀದಾ ಹೋಗಿ ಆ ಕಾಯಿಯನ್ನು ಭೀಮರಾಜುವಿನ ಕಿವಿಗೆ ಹಿಡಿದು ಮೂರು ಸಲ ಅಲ್ಲಾಡಿಸಿದಳು.

"ನಿಂಗೆ ಕೇಳ್ತದಲ್ಲಪ್ಪ. ಏನಂತು?"

ಅವನು ತಬ್ಬಿಬ್ಬಾದ. ಎಲ್ಲರೂ ನೋಡುತ್ತಿದ್ದರು. "ಗಡಗಡ ಅಂತು. ಬಂದೈತೆ, ಇನ್ನೇನು" ಅಂದ.

ಸಿದ್ದಕ್ಕ ಕಾಯಿಯನ್ನು ಮಾಯಣ್ಣನ ಕೈಗೆ ಕೊಟ್ಟಳು. ಅವನು ಸುಲಿಯುವ ಸಲಾಕೆಗೆ ಚುಚ್ಚಿ ಸಿಪ್ಪೆ ಕಿತ್ತು, ಭೀಮರಾಜುವಿನ ಮುಂದೆಯೇ ಮಚ್ಚಿನಲ್ಲಿ ಒಡೆದ. ಒಳಗೆ ಕಪ್ಪಗೆ ಕೊಳೆತ ಉಂಡೆ. ನಾತಕ್ಕೆ ನಾನೇ ನಾಲ್ಕು ಹೆಜ್ಜೆ ಹಿಂದೆ ಸರಿದೆ. ಭೀಮರಾಜು ಕರ್ಚೀಫು ಹುಡುಕುತ್ತಿದ್ದ.

"ಕಿವಿ ಚೆನ್ನಾಗೈತೆ ಕಣಪ್ಪ ನಿಂದು. ಜ್ವಾಪಾನ" ಅಂದಳು ಸಿದ್ದಕ್ಕ.

ಭೀಮರಾಜು ಮೂಗು ಮುಚ್ಚಿಕೊಂಡೇ ಕೂತು, ಆರಿಸಿ ಅಂತ ಕೈ ಸನ್ನೆ ಮಾಡಿದ. ಮಲ್ಲೇಶ ಓಡಿಹೋಗಿ ಏಣಿ ಹಿಡಿದುಕೊಂಡ. ಅವಳು ಮೇಲೆ ಹತ್ತಿ ಕೂತಳು, ಕೈ ಮಡಿಲಲ್ಲೇ ಇಟ್ಟುಕೊಂಡು ಕೆಲಸ ಶುರುಮಾಡಿದಳು. ನಾನು ಕಂಬದ ಹತ್ತಿರ ಮೂಗು ಒರೆಸಿಕೊಳ್ಳುತ್ತ ನಿಂತಿದ್ದೆ. ಹತ್ತು ಕಾಯಿ ನೋಡಿದ ಮೇಲೆ ಅವಳು ಕೆಳಗೆ ಬಗ್ಗಿ, ಹದಿನೈದು ದಿನದಲ್ಲಿ ಮೊದಲ ಸಲ, ನನ್ನ ಮುಖ ನೋಡಿದಳು.

"ಏನೇ ಪುಷ್ಪಾ, ಗರ ಬಡಿದೋಳಂಗೆ ನಿಂತಿದ್ದೀಯಾ? ಆ ಬುಟ್ಟಿ ಮ್ಯಾಕ್ ಕೊಡು."

ಕೊಟ್ಟೆ.